ಫ್ಯಾಟಿ ಲಿವರ್ ಅಂತ ಗೊತ್ತಾಗಿದೆ, ಮತ್ತೆ ಫೈಬ್ರೋಸ್ಕ್ಯಾನ್ ಯಾಕೆ?

ಪ್ರಶ್ನೆ: ನನಗೆ 46 ವರ್ಷ, ಸಕ್ಕರೆ ಕಾಯಿಲೆ ಇದೆ. ಹಾವೇರಿಯಲ್ಲಿ ಹೊಟ್ಟೆ ಸ್ಕ್ಯಾನ್ ಮಾಡಿಸಿದಾಗ ‘ಗ್ರೇಡ್ 2 ಫ್ಯಾಟಿ ಲಿವರ್’ ಅಂತ ಬಂತು. ಈಗ ಡಾಕ್ಟರು ಹುಬ್ಬಳ್ಳಿಗೆ ಹೋಗಿ ಫೈಬ್ರೋಸ್ಕ್ಯಾನ್ ಮಾಡಿಸಿಕೊಂಡು ಬನ್ನಿ ಅಂದಿದ್ದಾರೆ. ಒಂದು ಸ್ಕ್ಯಾನ್ ಆಗಿದೆಯಲ್ಲ, ಇನ್ನೊಂದು ಸುಮ್ನೆ ಖರ್ಚಲ್ವಾ?

ಉತ್ತರ: ಅಲ್ಲ. ಆ ‘ಗ್ರೇಡ್ 2’ ಬರೀ ಕೊಬ್ಬಿನ ಲೆಕ್ಕ. ಕೊಬ್ಬಿನಿಂದ ಲಿವರ್‌ಗೆ ಪೆಟ್ಟಾಗಿ, ಒಳಗೆ ನಾರು ಕಟ್ಟಿ ಅದು ಗಟ್ಟಿಯಾಗುತ್ತಿದೆಯಾ ಅನ್ನುವುದು ಅದರಲ್ಲಿ ಸರಿಯಾಗಿ ಕಾಣುವುದಿಲ್ಲ. ಮುಂದೆ ಸಿರೋಸಿಸ್‌ಗೆ, ಅಂದರೆ ಲಿವರ್ ಪೂರ್ತಿ ನಾರುಗಟ್ಟಿ ಹಾಳಾಗುವುದಕ್ಕೆ, ದಾರಿಯಾಗುವುದು ಈ ನಾರು. ಸಕ್ಕರೆ ಕಾಯಿಲೆ ಇದ್ದವರಿಗೆ ಅದರ ಭಯ ಜಾಸ್ತಿ.

ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವುದೇ ಫೈಬ್ರೋಸ್ಕ್ಯಾನ್. ಪರೀಕ್ಷೆಯಲ್ಲಿ ನೋವಿಲ್ಲ. ಅಂಗಾತ ಮಲಗಿ ಬಲಗೈಯನ್ನು ತಲೆಯ ಹಿಂದೆ ಇಟ್ಟುಕೊಳ್ಳಬೇಕು. ಬಲಪಕ್ಕೆಯಲ್ಲಿ, ಎರಡು ಎಲುಬುಗಳ ಸಂದಿಗೆ ಜೆಲ್ ಹಚ್ಚಿ ಪ್ರೋಬ್ ಇಡುತ್ತಾರೆ. ಅದು ಟಕ್ ಅಂತ ಮೆಲ್ಲಗೆ ಬಡಿಯುತ್ತದೆ. ಸಂತೆಯಲ್ಲಿ ಕಲ್ಲಂಗಡಿ ಬಡಿದು ನೋಡುತ್ತೀರಲ್ಲ, ಹಾಗೆ. ಆ ಬಡಿತದ ಅಲೆ ಲಿವರ್‌ನೊಳಗೆ ಎಷ್ಟು ಬೇಗ ಓಡಿತು ಅಂತ ಅಲ್ಟ್ರಾಸೌಂಡ್ ಅಳೆಯುತ್ತದೆ. ಗಟ್ಟಿಯಾದಷ್ಟೂ ಅಲೆಯ ಓಟ ಜೋರು. ಕನಿಷ್ಠ ಹತ್ತು ಸಲ ಅಳೆದು, ನಡುವಿನ ಅಂಕಿಯನ್ನು ಕಿಲೋಪಾಸ್ಕಲ್ ಎಂಬ ಗಟ್ಟಿತನದ ಅಳತೆಯಲ್ಲಿ ಬರೆದು ಕೊಡುತ್ತಾರೆ. ಕೊಬ್ಬಿನ ಅಂಕಿ ಬೇರೆ ಇರುತ್ತದೆ, ಅದು ಇನ್ನೂರು, ಮುನ್ನೂರು ಅಂತ ದೊಡ್ಡದಾಗಿ ಬರುವುದರಿಂದ ಎಷ್ಟೋ ಜನ ಅದನ್ನೇ ನೋಡಿ ಗಾಬರಿಯಾಗುತ್ತಾರೆ.

ಫ್ಯಾಟಿ ಲಿವರ್ ಇದ್ದವರಲ್ಲಿ ಗಟ್ಟಿತನ 8 ಕಿಲೋಪಾಸ್ಕಲ್‌ಗಿಂತ ಕಡಿಮೆ ಬಂದರೆ ನಾರು ಜಾಸ್ತಿ ಕಟ್ಟಿರುವ ಸಾಧ್ಯತೆ ಕಡಿಮೆ. ಅದಕ್ಕಿಂತ ಮೇಲೆ ಬಂದರೆ ಮುಂದಿನ ತಪಾಸಣೆ ಬೇಕಾಗುತ್ತದೆ. ಅಷ್ಟಕ್ಕೇ ಸಿರೋಸಿಸ್ ಅಂತ ತಿಳಿಯಬೇಡಿ. ಕಾಮಾಲೆ ಇದ್ದಾಗ, ಹೃದಯ ಸೋತು ಲಿವರ್‌ನಲ್ಲಿ ರಕ್ತ ನಿಂತಾಗಲೂ ಅಂಕಿ ಏರುತ್ತದೆ. ಕಾಯಿಲೆಯಿಂದ ಹೊಟ್ಟೆಯಲ್ಲಿ ನೀರು ತುಂಬಿದ್ದರಂತೂ ಈ ಯಂತ್ರಕ್ಕೆ ಅಳತೆಯೇ ಸಿಗುವುದಿಲ್ಲ.

ಊಟ ಮಾಡಿದರೂ ಅಂಕಿ ಏರುತ್ತದೆ, ಯಾಕೆಂದರೆ ಆಗ ಲಿವರ್‌ಗೆ ರಕ್ತ ಜಾಸ್ತಿ ಹರಿಯುತ್ತದೆ. ಅದಕ್ಕೇ ಕನಿಷ್ಠ ಮೂರು ತಾಸು ಏನೂ ತಿನ್ನಬಾರದು. ನಮ್ಮವರು ಎಡವುವುದು ಇಲ್ಲೇ. ಬೆಳಿಗ್ಗೆ ಹಾವೇರಿ ಬಸ್ ಸ್ಟ್ಯಾಂಡಿನಲ್ಲಿ ಇಡ್ಲಿ, ಹುಬ್ಬಳ್ಳಿಯಲ್ಲಿ ಇಳಿದ ಕೂಡಲೇ ಗಿರ್ಮಿಟ್ಟು, ಮಿರ್ಚಿ, ಚಹಾ. ಆಮೇಲೆ ಸೀದಾ ಸ್ಕ್ಯಾನಿಂಗ್ ಸೆಂಟರ್! ನಿಮಗೆ ಸಕ್ಕರೆ ಕಾಯಿಲೆ ಬೇರೆ ಇದೆ. ಖಾಲಿ ಹೊಟ್ಟೆಯಲ್ಲಿ ಮಾತ್ರೆ ಅಥವಾ ಇನ್ಸುಲಿನ್ ತಗೊಂಡರೆ ಶುಗರ್ ಇಳಿದು ತಲೆ ತಿರುಗಬಹುದು. ಆ ದಿನದ ಡೋಸ್ ಯಾವಾಗ ತಗೊಳ್ಳಬೇಕು ಅಂತ ಡಾಕ್ಟರನ್ನು ಹಿಂದಿನ ದಿನವೇ ಕೇಳಿಕೊಳ್ಳಿ. ಬೆಳಗಿನ ಮೊದಲ ಸರದಿ ಹಿಡಿಯಿರಿ, ಬುತ್ತಿ ಕಟ್ಟಿಕೊಂಡೇ ಹೋಗಿ. ಹತ್ತು ನಿಮಿಷದ ಪರೀಕ್ಷೆ, ಮುಗಿದ ಕೂಡಲೇ ಉಣ್ಣಬಹುದು.