ಕಾರ್ನಿಯಾ ಕಸಿಯ ನಂತರ ನೋವಿಲ್ಲದಿದ್ದರೆ ಹನಿ ಔಷಧಿ ನಿಲ್ಲಿಸಬಹುದೇ?

ಪ್ರಶ್ನೆ: ನನ್ನ ತಾಯಿಯವರಿಗೆ ಪೂರ್ಣ ದಪ್ಪದ ಕಾರ್ನಿಯಾ ಕಸಿಯಾಗಿ ಎರಡು ತಿಂಗಳಾಯಿತು. ನೋವಿಲ್ಲ, ಕಣ್ಣು ಕೆಂಪಗಿಲ್ಲ, ಆದರೆ ದೃಷ್ಟಿ ಇನ್ನೂ ಮಂಜಾಗಿದೆ. ಹನಿ ಔಷಧಿ ಹಾಕುವುದನ್ನು ನಿಲ್ಲಿಸಬಹುದೇ?

ಉತ್ತರ: ದಯವಿಟ್ಟು ನಿಲ್ಲಿಸಬೇಡಿ. ನೋವಿಲ್ಲ ಎಂಬುದು ಸಮಾಧಾನದ ಸಂಗತಿಯೇ ಆದರೂ, ಅದು ಗಾಯ ಮಾಗಿದ್ದಕ್ಕೆ ಸಾಕ್ಷಿಯಲ್ಲ. ದಾನಿಯ ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರವನ್ನು, ಕೂರಿಸುವಾಗ ಆ ಭಾಗದ ಸೂಕ್ಷ್ಮ ನರಗಳು ಕತ್ತರಿಸಿಹೋಗಿರುತ್ತವೆ, ಅವು ಮತ್ತೆ ಬೆಳೆದು ಸ್ಪರ್ಶಜ್ಞಾನ ಮರಳಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು. ಆದ್ದರಿಂದ ಏನಾದರೂ ಕೆಟ್ಟರೂ ಕಣ್ಣು ಅದನ್ನು ತಕ್ಷಣ ನೋವಿನ ಮೂಲಕ ತಿಳಿಸದೆ ಇರಬಹುದು.

ಮಾಗುವಿಕೆ ನಿಧಾನವಾಗುವುದಕ್ಕೂ ಕಾರಣವಿದೆ. ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಈ ಪಾರದರ್ಶಕ ಪದರದಲ್ಲಿ ರಕ್ತನಾಳಗಳಿಲ್ಲ. ಬೆಳಕು ತಡೆಯಿಲ್ಲದೆ ಹಾಯುವುದು ಅದರಿಂದಲೇ, ಗಾಯ ಕೂಡಿಕೊಳ್ಳಲು ತಡವಾಗುವುದೂ ಅದರಿಂದಲೇ. ಪೂರ್ಣ ದಪ್ಪದ ಕಸಿಯಲ್ಲಿ ಕೂದಲಿಗಿಂತ ತೆಳುವಾದ ನೈಲಾನ್ ಹೊಲಿಗೆಗಳು ಹಲವು ವೇಳೆ ಒಂದು ವರ್ಷಕ್ಕೂ ಹೆಚ್ಚು ಕಾಲ ಉಳಿಯುತ್ತವೆ. ಅವುಗಳ ಬಿಗಿತದಿಂದ ಕಾರ್ನಿಯಾದ ಮೇಲ್ಮೈ ಅಸಮವಾಗಿರುವುದು ಈ ಹಂತದ ಮಂಜಿಗೆ ಒಂದು ಸಾಮಾನ್ಯ ಕಾರಣ. ದೃಷ್ಟಿ ಒಂದು ನೆಲೆಗೆ ಬರಲು 12ರಿಂದ 18 ತಿಂಗಳು ಹಿಡಿಯುವುದುಂಟು. ಒಳಪದರವನ್ನಷ್ಟೇ ಬದಲಿಸಿದವರಿಗೆ ಸಾಮಾನ್ಯವಾಗಿ ಇಷ್ಟು ಕಾಯುವ ಅಗತ್ಯವಿರುವುದಿಲ್ಲ.

ಹನಿಗಳಲ್ಲಿ ಮುಖ್ಯವಾದದ್ದು ಸ್ಟೀರಾಯ್ಡ್. ದೇಹವು ದಾನಿಯ ಜೀವಕೋಶಗಳನ್ನು ಪರಕೀಯವೆಂದು ಗುರುತಿಸಿ ದಾಳಿ ಮಾಡದಂತೆ ಅದು ತಡೆಯುತ್ತದೆ. ಇಂಥ ತಿರಸ್ಕಾರವು ವರ್ಷಗಳ ನಂತರವೂ ಬರಬಹುದಾದ್ದರಿಂದ, ವೈದ್ಯರು ಹನಿಯನ್ನು ತಿಂಗಳುಗಟ್ಟಲೆ ಮುಂದುವರಿಸಿ ಮೆಲ್ಲಮೆಲ್ಲನೆ ಕಡಿಮೆ ಮಾಡುತ್ತಾರೆ. ಹಾಗೆಂದು ತಪಾಸಣೆಗೆ ಹೋಗದೆ ಹಳೆಯ ಚೀಟಿಯಲ್ಲೇ ಔಷಧಿ ಕೊಳ್ಳುತ್ತಿರುವುದೂ ಅಷ್ಟೇ ಅಪಾಯಕಾರಿ, ಏಕೆಂದರೆ ಸ್ಟೀರಾಯ್ಡ್‌ನಿಂದ ಕೆಲವರಲ್ಲಿ ಕಣ್ಣಿನ ಒತ್ತಡ ಏರಿ, ಯಾವ ನೋವೂ ಇಲ್ಲದೆ ದೃಷ್ಟಿನರಕ್ಕೆ ಹಾನಿಯಾಗುತ್ತದೆ. ಒತ್ತಡವನ್ನು ಅಳೆದೇ ತಿಳಿಯಬೇಕು.

ಹನಿ ಹಾಕುವ ಮುನ್ನ ಸೋಪಿನಿಂದ ಕೈ ತೊಳೆಯಿರಿ, ಸೀಸೆಯ ತುದಿ ಕಣ್ಣಿಗಾಗಲಿ ರೆಪ್ಪೆಗಾಗಲಿ ತಾಗದಿರಲಿ, ಎರಡು ಔಷಧಿಗಳ ನಡುವೆ ಕನಿಷ್ಠ ಐದು ನಿಮಿಷ ಬಿಡಿ. ಕಣ್ಣುಜ್ಜುವುದನ್ನಂತೂ ಸಂಪೂರ್ಣವಾಗಿ ತಪ್ಪಿಸಬೇಕು. ನಿದ್ದೆಯಲ್ಲಿ ಕೈ ತಾನಾಗಿ ಕಣ್ಣಿಗೆ ಹೋಗುವುದರಿಂದಲೇ ರಾತ್ರಿ ಗಟ್ಟಿ ಕವಚ ಕಟ್ಟಲು ಹೇಳುವುದು, ವೈದ್ಯರು ಹೇಳಿದಷ್ಟು ದಿನ ಅದನ್ನು ಬಿಡಬಾರದು. ಕಸಿಯ ಅಂಚು ಎಂದಿಗೂ ಮೂಲ ಕಾರ್ನಿಯಾದಷ್ಟು ಬಲವಾಗುವುದಿಲ್ಲವಾದ್ದರಿಂದ, ಪೆಟ್ಟು ಬೀಳಬಹುದಾದ ಕೆಲಸಗಳಲ್ಲಿ ರಕ್ಷಣಾ ಕನ್ನಡಕವನ್ನು ಮುಂದೆಯೂ ಧರಿಸಬೇಕು.

ಕೆಂಪಾಗುವುದು, ಬೆಳಕು ಚುಚ್ಚುವುದು, ನೋಟ ಮೊದಲಿಗಿಂತ ಮಸುಕಾಗುವುದು, ನೋವು, ಇವುಗಳಲ್ಲಿ ಒಂದು ಕಂಡರೂ ಅಂದೇ ಕಣ್ಣಿನ ವೈದ್ಯರನ್ನು ಕಾಣಿರಿ. ಕಸ ಬಿದ್ದಂತೆ ಚುಚ್ಚಿದರೆ ಹೊಲಿಗೆ ಸಡಿಲವಾಗಿರಬಹುದು, ಅದು ಸೋಂಕಿಗೆ ದಾರಿ. ತಿರಸ್ಕಾರವನ್ನು ಬೇಗ ಗುರುತಿಸಿದರೆ ಬಹಳಷ್ಟು ಬಾರಿ ಔಷಧಿಯಿಂದಲೇ ಹಿಮ್ಮೆಟ್ಟಿಸಬಹುದು. ಅದನ್ನು ಬೇಗ ಗುರುತಿಸಲು ಒಂದು ಸರಳ ಅಭ್ಯಾಸ ನೆರವಾಗುತ್ತದೆ: ತಾಯಿಯವರು ಪ್ರತಿದಿನ ಒಂದೇ ಹೊತ್ತಿನಲ್ಲಿ, ಒಂದೇ ಜಾಗದಲ್ಲಿ ಕುಳಿತು, ಇನ್ನೊಂದು ಕಣ್ಣನ್ನು ಅಂಗೈಯಿಂದ ಮರೆಮಾಡಿಕೊಂಡು ಎದುರಿನ ಕ್ಯಾಲೆಂಡರ್ ನೋಡಲಿ. ನಿನ್ನೆ ಕಂಡ ಅಂಕಿ ಇಂದು ಕಾಣದಿದ್ದರೆ, ನೋವಿಗಾಗಿ ಕಾಯದೆ ಹೊರಡಿ.