ಭೂಪಟ ಅಲ್ಲ, ನಕ್ಷೆ

ಮೊನ್ನೆ ಮತ್ತೊಬ್ಬರು ಬರೆದಿದ್ದರು: ‘ಮೆಟ್ರೊ ಭೂಪಟ ತಪ್ಪಾಗಿದೆ, ದೂರ ಸರಿಯಾಗಿ ತೋರಿಸಿಲ್ಲ.’ ಅದು ಭೂಪಟ ಅಲ್ಲ ಮಾರಾಯ್ರೆ, ನಕ್ಷೆ!

ಪಟ ಅಂದರೆ ಮೂಲದಲ್ಲಿ ಬಟ್ಟೆ. ಚಿತ್ರ ಬರೆದ ಬಟ್ಟೆಯೂ ಪಟವೇ. ತಮಾಷೆ ಅಂದ್ರೆ, ಇಂಗ್ಲಿಷಿನ ಮ್ಯಾಪ್ ಹುಟ್ಟಿದ್ದೂ ಲ್ಯಾಟಿನ್ನಿನ ‘ಮಪ್ಪ’ ಅನ್ನೋ ಬಟ್ಟೆಯಿಂದ. ನಕ್ಷೆಯದು ಬೇರೆ ದಾರಿ. ಅರಬ್ಬಿಯ ‘ನಕ್ಶ್’, ಅಂದರೆ ಕೆತ್ತಿದ್ದು, ಬರೆದದ್ದು, ಪಾರಸಿ ಹಾದು ನಮ್ಮಲ್ಲಿಗೆ ಬಂತು. ತಾಮ್ರದ ಚೆಂಬಿನ ಮೇಲಿನ ನಕಾಶಿ ಕೆಲಸವೂ ಇದೇ ಮನೆತನದ್ದು. ನಿಘಂಟು ಎರಡನ್ನೂ ಒಂದೇ ಅನ್ನಬಹುದು. ಆದರೆ ಭೂಪಟದಲ್ಲಿ ಭೂಮಿ ಇರಲೇಬೇಕು, ನಕ್ಷೆಗೆ ಆ ಹಂಗಿಲ್ಲ.

ಮದುವೆ ಕಾರ್ಡಿನ ಹಿಂದೆ ಛತ್ರದ ದಾರಿ ಬರೆದಿರುತ್ತಾರಲ್ಲ, ಅದನ್ನು ನೋಡಿ. ಒಂದು ಸಿಗ್ನಲ್, ಒಂದು ಪೆಟ್ರೋಲ್ ಬಂಕ್, ಗಣೇಶನ ಗುಡಿ, ಬಾಣದ ಗುರುತು. ಸ್ಕೇಲ್ ಹಿಡಿದು ಅಳೆಯೋರು ಯಾರು? ಎಲ್ಲಿ ತಿರುಗಬೇಕು ಅಂತ ತಿಳಿದರೆ ಸಾಕು, ಊಟಕ್ಕೆ ತಲುಪುತ್ತೇವೆ.

ನಕ್ಷೆಗಾರ ಹ್ಯಾರಿ ಬೆಕ್ 1931ರಲ್ಲಿ ಲಂಡನ್ ಅಂಡರ್‌ಗ್ರೌಂಡ್‌ಗೆ, ಅಂದರೆ ಅಲ್ಲಿನ ಮೆಟ್ರೊಗೆ, ಬರೆದದ್ದೂ ಇಂಥದ್ದೇ. ಗೆರೆಗಳು ಅಡ್ಡ, ಉದ್ದ, ಇಲ್ಲವೇ 45 ಡಿಗ್ರಿ ಓರೆ. ಕಿಕ್ಕಿರಿದ ನಡು ಊರನ್ನು ಹಿಗ್ಗಿಸಿದ, ದೂರದ ಬಡಾವಣೆಗಳನ್ನು ಹತ್ತಿರ ಎಳೆದ. ನೆಲದ ಮೇಲಿನದರಲ್ಲಿ ಥೇಮ್ಸ್ ನದಿಯನ್ನು ಮಾತ್ರ ಉಳಿಸಿಕೊಂಡ. 1933ರಲ್ಲಿ ಅದು ಜನರ ಜೇಬಿಗೆ ಬಂತು.

ಅಂದ ಜಾಸ್ತಿಯಾದರೆ ಏನಾಗುತ್ತೆ ಅನ್ನೋದಕ್ಕೆ ಎಲ್ಲರೂ ನ್ಯೂಯಾರ್ಕನ್ನೇ ತೋರಿಸುತ್ತಾರೆ. ವಿನ್ಯಾಸಕಾರ ಮಾಸಿಮೊ ವಿನ್ಯೆಲ್ಲಿಯ ತಂಡ 1972ರಲ್ಲಿ ಮಾಡಿದ ಸಬ್‌ವೇ (ಅಲ್ಲಿನ ಮೆಟ್ರೊ) ನಕ್ಷೆ ನೋಡೋಕೆ ಬಲು ಚೆಂದ. ಆದರೆ ಉದ್ದಕ್ಕೆ ಮಲಗಿರೋ ಸೆಂಟ್ರಲ್ ಪಾರ್ಕ್ ಅದರಲ್ಲಿ ಹೆಚ್ಚೂಕಡಿಮೆ ಚೌಕ, ಬಣ್ಣ ಬೂದಿ. ನೀರಿಗೂ ನೀಲಿ ಇಲ್ಲ. ಜನ ಗೊಣಗಿದರು, 1979ರಲ್ಲಿ ಬದಲಾಯಿತು. ನನ್ನ ಕೇಳಿದರೆ, ತಪ್ಪಾಗಿದ್ದು ಅಂದದಿಂದಲ್ಲ. ಪಾರ್ಕನ್ನು ಬರೆದದ್ದೇ ತಪ್ಪು. ಅರ್ಧ ಭೂಪಟ ಸೇರಿಸಿದರೆ ಜನ ಪೂರ್ತಿ ಭೂಪಟ ಕೇಳದೆ ಬಿಡ್ತಾರಾ? 2025ರಲ್ಲಿ ಅಲ್ಲಿಗೆ ಮತ್ತೆ ವಿನ್ಯೆಲ್ಲಿಯ ಜಾಡಿನದೇ ನಕ್ಷೆ ಬಂದಿದೆ.

ಹಾಗಂತ ಈ ಗೊಂದಲ ಸುಮ್ನೆ ಮಾತಿನದ್ದಲ್ಲ. ಲಂಡನ್ನಿನ ಲೆಸ್ಟರ್ ಸ್ಕ್ವೇರ್ ಮತ್ತು ಕಾವೆಂಟ್ ಗಾರ್ಡನ್ ನಿಲ್ದಾಣಗಳ ನಡುವೆ ಇರೋದು ಸುಮಾರು 260 ಮೀಟರ್. ನಕ್ಷೆಯನ್ನು ಭೂಪಟ ಅಂದುಕೊಂಡ ಪ್ರವಾಸಿಗರು ಅಷ್ಟು ದೂರಕ್ಕೂ ಟಿಕೆಟ್ ತಗೊಂಡು ರೈಲು ಹತ್ತುತ್ತಾರೆ.