ಹೋದ ತಿಂಗಳು ಎಣ್ಣೆ ಎಷ್ಟು ತಂದ್ರಿ?

ಕೊಪ್ಪಳ ಜಿಲ್ಲೆಯ ಒಂದು ಮನೆಯ ಪಡಸಾಲೆ. ಕೈಯಲ್ಲಿ ಖರ್ಚು-ವೆಚ್ಚದ ಪ್ರಶ್ನಾವಳಿ. "ಹೋದ ಮೂವತ್ತು ದಿನದಾಗ ಎಣ್ಣಿ ಎಷ್ಟು ಹೋತ್ರಿ ಅಕ್ಕಾರ?" ಎಂದೆ. ರೊಟ್ಟಿ ಬಡಿಯುತ್ತಲೇ ಆಕೆ, "ತಿಂಗಳ ಲೆಕ್ಕ ಯಾರ್ ಇಟ್ಟಾರ್ರೀ? ಸಂತಿಗೊಮ್ಮೆ ಅರ್ಧ ಕೇಜಿ ತರ್ತೀವಿ" ಅಂದರು. ನಾಲ್ಕು ಸಂತೆ, ಎರಡು ಕೆಜಿ; ಬರೆದುಕೊಂಡೆ. ಒಳಗಿನಿಂದ ಅತ್ತೆಯ ದನಿ: "ಹಬ್ಬಕ್ಕ ತಂದಿದ್ದು ಬಿಟ್ಟೆಲ್ಲ!" ಎರಡನ್ನು ಹೊಡೆದು ಮೂರು ಮಾಡಿದೆ.

ದೇಶದಲ್ಲಿ ಬಡವರೆಷ್ಟು ಎಂಬ ಲೆಕ್ಕ ನಿಂತಿರುವುದು ಇಂಥ ಉತ್ತರಗಳ ಮೇಲೆ. ಬಡತನ ಇಳಿಯಿತೋ ಇಲ್ಲವೋ ಎಂದು ಟಿವಿಯಲ್ಲಿ ಜಗಳ ಶುರುವಾದಾಗ ನಾನು ಮೊದಲು ಹುಡುಕುವುದು ಪ್ರಶ್ನಾವಳಿಯನ್ನು. ಎಷ್ಟು ದಿನದ ಖರ್ಚು ಕೇಳಿದ್ದರು?

ಮನೆಮನೆಗೆ ಹೋಗಿ ಈ ಖರ್ಚು ಕೇಳುವ ಸರ್ಕಾರಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಶುರುವಾದದ್ದು 1950ರಲ್ಲಿ. ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಅವರ ಬಳಗ ಆ ಮೊದಮೊದಲ ವರ್ಷಗಳಲ್ಲೇ ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಒಂದು ಪರೀಕ್ಷೆ ಮಾಡಿ ನೋಡಿತ್ತು. ಕೆಲವು ಮನೆಗಳಲ್ಲಿ ವಾರದ ಖರ್ಚು ಕೇಳಿದರು, ಕೆಲವು ಮನೆಗಳಲ್ಲಿ ತಿಂಗಳದ್ದು, ಇನ್ನು ಕೆಲವೆಡೆ ತಕ್ಕಡಿ ಹಿಡಿದು ತೂಗಿದರು. ತೂಕಕ್ಕೆ ಹತ್ತಿರ ಬಂದದ್ದು ತಿಂಗಳ ಉತ್ತರವೇ. ವಾರದ್ದು ಕೇಳಿದರೆ ಜನ ಹತ್ತು ದಿನದ ಹಿಂದಿನ ಸಾಮಾನನ್ನೂ ಅದರೊಳಗೆ ಎಳೆದುಕೊಳ್ಳುತ್ತಾರೆ. ತಿಂಗಳದ್ದು ಕೇಳಿದರೆ ಒಂದಿಷ್ಟು ಮರೆಯುತ್ತಾರೆ. ಅಂತೂ ಮೂವತ್ತು ದಿನವೇ ಗಟ್ಟಿಯಾಯಿತು.

ತೊಂಬತ್ತರ ದಶಕದಲ್ಲಿ ಮತ್ತೆ ಕೆಣಕಿದರು. ಅರ್ಧ ಮನೆಗಳಿಗೆ ಹಳೆಯ ಪ್ರಶ್ನೆ. ಉಳಿದರ್ಧಕ್ಕೆ ಊಟ-ತಿಂಡಿ, ಎಲೆ-ಅಡಿಕೆ, ತಂಬಾಕಿಗೆ ಏಳು ದಿನ, ಬಟ್ಟೆ-ಬರೆಯಂಥವಕ್ಕೆ ಇಡೀ ವರ್ಷ. ಹೊಸ ಪ್ರಶ್ನೆ ಕೇಳಿದ ಕಡೆ ಖರ್ಚು ಹೆಚ್ಚು ಕಂಡು, ಲೆಕ್ಕದಲ್ಲಿ ಬಡತನ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಯಾರ ತಟ್ಟೆಗೂ ಒಂದು ತುತ್ತು ಹೆಚ್ಚು ಬಿದ್ದಿರಲಿಲ್ಲ.

ಎಡವಟ್ಟಾದದ್ದು 1999-2000ರಲ್ಲಿ. ಅದೇ ಮನೆಗೆ, ಅದೇ ಹಾಳೆಯಲ್ಲಿ, ಅಕ್ಕಪಕ್ಕದ ಕಾಲಂಗಳಲ್ಲಿ ಏಳು ದಿನದ್ದನ್ನೂ ಮೂವತ್ತು ದಿನದ್ದನ್ನೂ ಕೇಳಿಬಿಟ್ಟರು. ವಾರಕ್ಕೆ ಅರ್ಧ ಕೆಜಿ ಎಂದವರು ತಿಂಗಳಿಗೆ ಎರಡು ಕೆಜಿ ಎನ್ನದೆ ಇನ್ನೇನು ಹೇಳಿಯಾರು? ಅವರು ಹೇಳದಿದ್ದರೂ ಕೇಳುವವನೇ ಹೊಂದಿಸಿ ಬರೆಯುತ್ತಾನೆ. ನಾನೇ ಆ ಪಡಸಾಲೆಯಲ್ಲಿ ಗುಣಾಕಾರ ಮಾಡಲಿಲ್ಲವೇ? ಸರ್ಕಾರಿ ಲೆಕ್ಕದಲ್ಲಿ 1993-94ರ ಶೇ 36ರ ಬಡತನ ಶೇ 26ಕ್ಕೆ ಬಂತು. ಉದಾರೀಕರಣದ ಪರ-ವಿರೋಧಿಗಳಿಬ್ಬರಿಗೂ ಹಬ್ಬ.

ಈ ಗೋಜಲಿಗೆ ಅರ್ಥಶಾಸ್ತ್ರಜ್ಞ ಆಂಗಸ್ ಡೀಟನ್ ಕಂಡುಕೊಂಡ ದಾರಿ ನನಗೆ ಈಗಲೂ ಇಷ್ಟ. ಉರುವಲು, ದೀಪದ ಖರ್ಚಿನಂಥ ಕೆಲವು ಬಾಬ್ತುಗಳನ್ನು ಸಮೀಕ್ಷೆಯ ಎಲ್ಲ ಸುತ್ತುಗಳಲ್ಲೂ ಮೂವತ್ತು ದಿನಕ್ಕೇ ಕೇಳಿದ್ದರು. ಕೆಡದೆ ಉಳಿದ ಆ ಉತ್ತರಗಳಿಂದ ಆತ ಮನೆಯ ಒಟ್ಟು ಖರ್ಚನ್ನು ಅಂದಾಜು ಮಾಡಿದರು. ಇಳಿಕೆ ಬಹುಪಾಲು ನಿಜ, ಸರ್ಕಾರ ಹೇಳಿದಷ್ಟಿಲ್ಲ ಎಂದು ಬಂತು. ಉಳಿದವರು ಒಪ್ಪಿದರೆಂದಲ್ಲ. 2015ರಲ್ಲಿ ಅವರಿಗೆ ನೊಬೆಲ್ ಬಂದಾಗ ಬಳಕೆ, ಬಡತನ, ಕ್ಷೇಮದ ಅಧ್ಯಯನಕ್ಕೆಂದೇ ಕೊಟ್ಟರು.

2017-18ರ ಸಮೀಕ್ಷೆಯ ಫಲಿತಾಂಶವನ್ನು ಸರ್ಕಾರ ಹೊರಗೇ ಬಿಡಲಿಲ್ಲ. 2022-23ರಲ್ಲಿ ವಿಧಾನವೇ ಬದಲು: ಒಂದೇ ಸಲ ಕೂತು ಎಲ್ಲವನ್ನೂ ಕೇಳುವ ಬದಲು ಒಂದೊಂದು ಮನೆಗೂ ಮೂರು ಭೇಟಿ. ಒಂದೇ ಕೂತಿನಲ್ಲಿ ನೂರಾರು ಸಾಮಾನಿನ ಪಟ್ಟಿ ಓದಿದರೆ ಅರ್ಧ ದಾಟುವಷ್ಟರಲ್ಲಿ ಮನೆಯವರು "ಏನರ ಬರಕೊಳ್ರಿ" ಅನ್ನುತ್ತಾರೆ. ಆ ಕಾಟ ತಪ್ಪಿತು, ಒಳ್ಳೆಯದೇ. ಆದರೆ 2011-12ರಲ್ಲಿ ಹಳ್ಳಿಯ ತಲಾ ಮಾಸಿಕ ಖರ್ಚು 1,430 ರೂಪಾಯಿ ಇತ್ತು, 2022-23ರಲ್ಲಿ 3,773 ಎಂದು ಪಕ್ಕಪಕ್ಕ ಇಟ್ಟು ಕೂಗುವವರು ಬೆಲೆಯೇರಿಕೆಯನ್ನಷ್ಟೇ ಕಳೆದರೆ ಸಾಲದು, ಈ ಬದಲಾವಣೆಯನ್ನೂ ಕಳೆಯಬೇಕು. ಅದನ್ನು ಎಷ್ಟೆಂದು ಕಳೆಯುವುದು ಎಂಬುದೇ ತಲೆನೋವು.

ಇಷ್ಟಾದರೂ ಗಂಡ ಹೊರಗೆ ತಿಂದ ಮಿರ್ಚಿ, ಜಗಿದ ಗುಟ್ಕಾ ಯಾವ ಭೇಟಿಯಲ್ಲೂ ಪೂರ್ತಿ ಸಿಗುವುದಿಲ್ಲ. ಆಕೆಗೆ ಗೊತ್ತಿರುವುದಿಲ್ಲ, ಆತ ಆಕೆಯೆದುರು ಬಾಯಿ ಬಿಡುವುದಿಲ್ಲ. ತಾಂಜಾನಿಯಾದ ಒಂದು ಪ್ರಯೋಗದಲ್ಲಿ ಖರ್ಚು ಬರೆದಿಡಲು ಮನೆಗೊಂದು ಡೈರಿ ಕೊಟ್ಟದ್ದಕ್ಕಿಂತ ತಲೆಗೊಂದು ಕೊಟ್ಟಾಗ ಹೆಚ್ಚು ಖರ್ಚು ಕಂಡಿತು.

ಅಂದು ಹೊರಡುವಾಗ ಅತ್ತೆ ಚಹಾ ತಂದಿಟ್ಟರು. "ಈ ಚಾಪುಡಿ, ಸಕ್ಕರಿ ಯಾರ ಲೆಕ್ಕದಾಗ ಬರೀತಿ ತಮ್ಮಾ?" ನಿಯಮದ ಪ್ರಕಾರ ಮನೆಯಲ್ಲಿ ಮಾಡಿ ನೆಂಟರಿಗೆ ಕೊಟ್ಟದ್ದೂ ಮನೆಯದೇ ಖರ್ಚು. "ನಿಮ್ಮ ಲೆಕ್ಕದಾಗರೀ ಅವ್ವಾರ" ಎಂದೆ. ಇಬ್ಬರೂ ಬಿದ್ದು ಬಿದ್ದು ನಕ್ಕರು.